ಗೋಪುರಕ್ಕೆ ಮೊದಲು ಲೆಕ್ಕ
ನಮ್ಮ ಸಂಕಲ್ಪಗಳು ಏಕೆ ನಿಲ್ಲುವುದಿಲ್ಲ? ನಿಲ್ಲುವಂತೆ ಮಾಡುವುದು ಹೇಗೆ?

ವರ್ಷದಲ್ಲಿ ಎರಡು ದಿನ ನಮ್ಮ ಮನೆಗಳಲ್ಲಿ ದೊಡ್ಡ ದೊಡ್ಡ ಸಂಕಲ್ಪಗಳು ಹುಟ್ಟುತ್ತವೆ. ಒಂದು, ಡಿಸೆಂಬರ್ 31ರ ರಾತ್ರಿ ಬಲಿಪೂಜೆ ಮುಗಿಸಿ ದೇವಾಲಯದಿಂದ ಹೊರಗೆ ಬರುವಾಗ. ಇನ್ನೊಂದು, ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡಾಗ. "ಇನ್ನ ಮ್ಯಾಲೆ ಕುಡಿಯೂದಿಲ್ಲ." "ದಿನಾ ಮುಂಜಾನೆ ಪೂಜೆಗೆ ಹೋಗತೀನಿ." "ಈ ವರ್ಷ ಸಾಲ ಎಲ್ಲಾ ಹರಕೊಂಡಬಿಡತೀನಿ." "ಮನ್ಯಾಗ ಯಾರ ಮ್ಯಾಲೂ ಸಿಟ್ಟ ಮಾಡೂದಿಲ್ಲ." ಹೇಳುವಾಗ ಈ ಮಾತುಗಳಲ್ಲಿ ಕಪಟವಿರುವುದಿಲ್ಲ. ಕಣ್ಣಲ್ಲಿ ನೀರೂ ಇರುತ್ತದೆ. ಆದರೆ ಮೂರು ವಾರ ಕಳೆಯುವಷ್ಟರಲ್ಲಿ ಮಾತು ಸಡಿಲವಾಗುತ್ತದೆ. ಆರನೆಯ ವಾರ ಯಾರಾದರೂ ನೆನಪಿಸಿದರೆ, "ನನ್ನ ಕೈಲೆ ಆಗೂದಲ್ಲ ಬಿಡ್ರಿ" ಎಂಬ ಉತ್ತರ ಬರುತ್ತದೆ.

ಇದನ್ನು ನಾವು ಸಣ್ಣ ವಿಷಯವೆಂದು ನಗುತ್ತ ಬಿಟ್ಟುಬಿಡುತ್ತೇವೆ. ಆದರೆ ಮುರಿದ ಸಂಕಲ್ಪಕ್ಕೆ ಬೆಲೆ ಉಂಟು. ತಂದೆ ಐದು ಸಲ ಆಣೆ ಮಾಡಿ ಐದು ಸಲ ತಪ್ಪಿದರೆ, ಆರನೆಯ ಸಲ ಹೆಂಡತಿ ನಂಬುವುದಿಲ್ಲ; ಮಕ್ಕಳು ಮುಖ ಬೇರೆ ಕಡೆ ತಿರುಗಿಸುತ್ತಾರೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಆ ಮನುಷ್ಯ ತನ್ನನ್ನು ತಾನೇ ನಂಬುವುದಿಲ್ಲ. ಅದೇ ಪಾಪವನ್ನು ಮತ್ತೆ ಮತ್ತೆ ಹೇಳಲು ನಾಚಿ ಪಾಪನಿವೇದನೆಗೆ ಹೋಗುವುದನ್ನೂ ನಿಲ್ಲಿಸುತ್ತಾನೆ. ಆದ್ದರಿಂದ ಗುರಿ ಇಟ್ಟುಕೊಳ್ಳುವುದು ಹೇಗೆ, ಅದರಲ್ಲಿ ನಿಲ್ಲುವುದು ಹೇಗೆ ಎಂಬ ಪ್ರಶ್ನೆ ನಮ್ಮ ಕುಟುಂಬಕ್ಕೂ ನಮ್ಮ ವಿಶ್ವಾಸಕ್ಕೂ ಸೇರಿದ್ದು. ಅದನ್ನು ಈ ಪಾಠದಲ್ಲಿ ವಿಚಾರ ಮಾಡೋಣ.

ಯೇಸುಸ್ವಾಮಿ ಹೇಳಿದ ಲೆಕ್ಕ

ಸಂತ ಲೂಕನ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಎರಡು ಸಣ್ಣ ಸಾಮತಿಗಳನ್ನು ಹೇಳುತ್ತಾರೆ (ಲೂಕ 14:28-32). ಗೋಪುರ ಕಟ್ಟಬೇಕೆಂದಿರುವವನು ಮೊದಲು ಕುಳಿತುಕೊಂಡು, ಮುಗಿಸುವಷ್ಟು ಹಣ ತನ್ನಲ್ಲಿದೆಯೇ ಎಂದು ಲೆಕ್ಕ ಹಾಕುತ್ತಾನೆ. ಹಾಕದಿದ್ದರೆ ಅಡಿಪಾಯಕ್ಕೇ ಕೆಲಸ ನಿಂತು ಜನರ ನಗೆಗೆ ಈಡಾಗುತ್ತಾನೆ. ಎರಡನೆಯದರಲ್ಲಿ, ಹತ್ತು ಸಾವಿರ ಸೈನಿಕರಿರುವ ಅರಸ, ಇಪ್ಪತ್ತು ಸಾವಿರದೊಡನೆ ಬರುವವನನ್ನು ಎದುರಿಸಬಲ್ಲೆನೇ ಎಂದು ಮೊದಲು ಆಲೋಚಿಸುತ್ತಾನೆ.

ಇಲ್ಲಿ ಗಮನಿಸಬೇಕಾದ ಮಾತು "ಕುಳಿತುಕೊಂಡು" ಎಂಬುದು. ನಮ್ಮ ಸಂಕಲ್ಪಗಳು ಹೆಚ್ಚಾಗಿ ನಿಂತಲ್ಲೇ ಆಗುತ್ತವೆ: ಪ್ರಸಂಗ ಕೇಳಿ ಮನಸ್ಸು ಕರಗಿದಾಗ, ಮನೆಯಲ್ಲಿ ಜಗಳವಾದಾಗ, ಬಂಧುಗಳ ಸಾವಿನ ಮನೆಯಲ್ಲಿ. ಭಾವನೆ ತಪ್ಪಲ್ಲ, ದೇವರು ಅದರ ಮೂಲಕವೂ ನಮ್ಮನ್ನು ಕರೆಯುತ್ತಾರೆ. ಆದರೆ ಭಾವನೆ ಕೆಲಸ ಆರಂಭಿಸಬಲ್ಲದೇ ಹೊರತು ಮುಗಿಸಲಾರದು.

"ದೇವರ ಮೇಲೆ ಭಾರ ಹಾಕಿದ ಮೇಲೆ ಲೆಕ್ಕವೇಕೆ?" ಎಂದು ಕೆಲವರು ಕೇಳುತ್ತಾರೆ. ಲೆಕ್ಕ ಹಾಕಿರೆಂದು ಹೇಳಿದವರು ಸ್ವತಃ ಯೇಸುಸ್ವಾಮಿ. ಆದರೆ ಅವರು ಅಲ್ಲಿಗೇ ನಿಲ್ಲಿಸುವುದಿಲ್ಲ. ಮುಂದಿನ ವಾಕ್ಯದಲ್ಲೇ, ಇರುವುದನ್ನೆಲ್ಲ ಬಿಡಲು ಸಿದ್ಧನಿಲ್ಲದವನು ತಮ್ಮ ಶಿಷ್ಯನಾಗಲಾರನೆಂದು ಎಚ್ಚರಿಸುತ್ತಾರೆ. ಅಂದರೆ ಲೆಕ್ಕದ ಉದ್ದೇಶ ಗುರಿಯನ್ನು ಅಗ್ಗ ಮಾಡುವುದಲ್ಲ. ಇದಕ್ಕಾಗಿ ನಾನು ಏನನ್ನು ಬಿಡಬೇಕಾದೀತು ಎಂದು ಮೊದಲೇ ತಿಳಿದುಕೊಳ್ಳುವುದು. ದಿನಾ ಮುಂಜಾನೆ ಆರಕ್ಕೆ ಪೂಜೆಗೆ ಹೋಗಬೇಕಾದರೆ ರಾತ್ರಿ ಹನ್ನೊಂದರವರೆಗೆ ಟಿ.ವಿ., ಮೊಬೈಲು ನೋಡುವುದನ್ನು ಬಿಡಬೇಕು. ಮೊದಲನೆಯದನ್ನು ಮಾತ್ರ ನಿಶ್ಚಯಿಸಿ ಎರಡನೆಯದನ್ನು ಮರೆತರೆ ಗೋಪುರ ಅಡಿಪಾಯದಲ್ಲೇ ನಿಲ್ಲುತ್ತದೆ.

ಪೇತ್ರನ ದೊಡ್ಡ ಮಾತು

ಲೆಕ್ಕವಿಲ್ಲದ ಸಂಕಲ್ಪಕ್ಕೆ ಸಂತ ಪೇತ್ರನೇ ಉದಾಹರಣೆ. ಎಲ್ಲರೂ ಕೈಬಿಟ್ಟರೂ ತಾನು ಬಿಡುವುದಿಲ್ಲ, ಸಾಯಬೇಕಾದರೂ ಸರಿ ಎಂದು ಆತ ಮಾತು ಕೊಟ್ಟ (ಮತ್ತಾಯ 26:33-35). ಅದೇ ರಾತ್ರಿ ಗೆತ್ಸೆಮನಿಯಲ್ಲಿ ಸ್ವಾಮಿ ಆತನಿಂದ ಅಪೇಕ್ಷಿಸಿದ್ದು ಪ್ರಾಣವನ್ನಲ್ಲ, ಒಂದು ಗಂಟೆಯ ಎಚ್ಚರವನ್ನು. ಪ್ರಾಣ ಕೊಡುತ್ತೇನೆಂದವನಿಗೆ ಒಂದು ಗಂಟೆ ಕೊಡಲಾಗಲಿಲ್ಲ. ಕೋಳಿ ಕೂಗುವ ಮುನ್ನ ಮೂರು ಬಾರಿ ನಿರಾಕರಿಸಿದ.

ಪುನರುತ್ಥಾನದ ನಂತರ ತಿಬೇರಿಯ ಸರೋವರದ ದಡದಲ್ಲಿ ಸ್ವಾಮಿ ಆತನನ್ನು ಹಂಗಿಸಲಿಲ್ಲ. "ಮತ್ತೊಮ್ಮೆ ಆಣೆ ಮಾಡು" ಎಂದೂ ಕೇಳಲಿಲ್ಲ. ತನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿ, ಮೂರು ಸಲವೂ ತನ್ನ ಕುರಿಗಳನ್ನು ನೋಡಿಕೊಳ್ಳುವ ಕೆಲಸ ಕೊಟ್ಟರು (ಯೊವಾನ್ನ 21:15-17). ಕುರಿ ಮೇಯಿಸುವುದು ದಿನನಿತ್ಯದ ಕೆಲಸ. ಇಂದು ಮೇಯಿಸಿದೆನೆಂದು ನಾಳೆ ಬಿಡುವಂತಿಲ್ಲ. ಪ್ರಾಣ ಕೊಡುವ ದಿನವೂ ಪೇತ್ರನಿಗೆ ಮುಂದೆ ಬಂದಿತು. ಆದರೆ ಅದು ದಿನದಿನದ ನಿಷ್ಠೆಯ ವರ್ಷಗಳು ಕಳೆದ ಮೇಲೆ.

ಮೂರು ತಿಂಗಳ ಪ್ರತಿಜ್ಞೆ

ಐರ್ಲೆಂಡಿನ ಡಬ್ಲಿನ್ ನಗರದ ಕೂಲಿಕಾರ ಮ್ಯಾಟ್ ಟ್ಯಾಲ್ಬಟ್ ಅವರ ಜೀವನ ಈ ಪಾಠಕ್ಕೆ ಬಹಳ ಹತ್ತಿರದ್ದು. ಅವರು ಹುಟ್ಟಿದ್ದು 1856ರ ಮೇ 2ರಂದು, ಹನ್ನೆರಡು ಮಕ್ಕಳ ಬಡ ಕುಟುಂಬದಲ್ಲಿ. ಹನ್ನೆರಡರ ವಯಸ್ಸಿಗೆ ಮದ್ಯದ ವ್ಯಾಪಾರಿಯೊಬ್ಬರಲ್ಲಿ ಕೆಲಸಕ್ಕೆ ಸೇರಿದರು. ಅಲ್ಲೇ ಕುಡಿತ ಅಂಟಿತು. ಮುಂದೆ ವಾರದ ಸಂಬಳವೆಲ್ಲ ಹೆಂಡದಂಗಡಿಗೆ ಹೋಗತೊಡಗಿತು. ಒಮ್ಮೆ ಕುಡಿತದ ಹಣಕ್ಕಾಗಿ ಬೀದಿಯಲ್ಲಿ ಪಿಟೀಲು ಬಾರಿಸಿ ಬದುಕುತ್ತಿದ್ದ ಬಡವನೊಬ್ಬನ ಪಿಟೀಲನ್ನೇ ಕದ್ದು ಮಾರಿದರು.

1884ರಲ್ಲಿ, 28ರ ವಯಸ್ಸಿನಲ್ಲಿ, ಒಂದು ಶನಿವಾರ ಕೈಯಲ್ಲಿ ಕಾಸಿಲ್ಲದೆ ಅಂಗಡಿಯ ಹೊರಗೆ ನಿಂತಿದ್ದರು. ತಾವು ಎಷ್ಟೋ ಸಲ ಕುಡಿಸಿದ್ದ ಗೆಳೆಯರು ಒಬ್ಬರೂ ಒಳಗೆ ಕರೆಯಲಿಲ್ಲ. ಮನೆಗೆ ಹೋಗಿ, ಕುಡಿತ ಬಿಡುವ ಪ್ರತಿಜ್ಞೆ ಮಾಡುತ್ತೇನೆಂದು ತಾಯಿಗೆ ಹೇಳಿದರು. ನಿಲ್ಲಿಸುವ ಮನಸ್ಸಿದ್ದರೆ ಮಾತ್ರ ಮಾಡು ಎಂಬ ಅರ್ಥದ ಮಾತು ಹೇಳಿ ತಾಯಿ ಕಳಿಸಿಕೊಟ್ಟರು. ಮ್ಯಾಟ್ ಗುರುಗಳ ಬಳಿ ಪಾಪನಿವೇದನೆ ಮಾಡಿ ಪ್ರತಿಜ್ಞೆ ತೆಗೆದುಕೊಂಡರು. ಅದು ಜೀವನಪರ್ಯಂತದ ಪ್ರತಿಜ್ಞೆಯಾಗಿರಲಿಲ್ಲ. ಮೂರು ತಿಂಗಳಿಗೆ ಮಾತ್ರ.

ಆ ಮೂರು ತಿಂಗಳು ಅವರಿಗೆ ಯಾತನೆಯ ಕಾಲವಾಯಿತು. ಆದರೆ ಅವರು ಬರಿಯ ಮನೋಬಲವನ್ನು ನಂಬಿ ಕೂರಲಿಲ್ಲ. ಬೆಳಗಿನ ಜಾವದ ಪೂಜೆಗೆ ಹೋಗಿ ಪರಮಪ್ರಸಾದ ಸ್ವೀಕರಿಸಿದರು. ಕುಡಿಯಬೇಕೆನಿಸುವ ಸಂಜೆಯ ಹೊತ್ತು ದೇವಾಲಯದಲ್ಲಿ ಕಳೆದರು. ಜೇಬಿನಲ್ಲಿ ಹಣ ಇಟ್ಟುಕೊಂಡು ತಿರುಗುವುದನ್ನೇ ಬಿಟ್ಟರು. ಅವಧಿ ಮುಗಿದಾಗ ಪ್ರತಿಜ್ಞೆಯನ್ನು ಮುಂದುವರಿಸಿದರು. ಕೊನೆಗೆ ಜೀವನಪೂರ್ತಿಗೆ ಮಾಡಿದರು. ಅಂಗಡಿಗಳ ಹಳೆಯ ಬಾಕಿಯನ್ನು ತೀರಿಸಿದರು. ಆ ಪಿಟೀಲಿನವನನ್ನು ಹುಡುಕುತ್ತ ಅಲೆದರು. 1925ರ ಜೂನ್ 7ರ ಭಾನುವಾರ, ಪೂಜೆಗೆ ಹೋಗುವ ದಾರಿಯಲ್ಲೇ ಕುಸಿದು ಪ್ರಾಣಬಿಟ್ಟಾಗ ಅವರು ಮದ್ಯ ಮುಟ್ಟದೆ ನಾಲ್ವತ್ತು ವರ್ಷಗಳು ದಾಟಿದ್ದವು. 1975ರಲ್ಲಿ ಜಗದ್ಗುರು ಆರನೆಯ ಪೌಲರು ಅವರನ್ನು ಪೂಜ್ಯರೆಂದು ಘೋಷಿಸಿದರು.

ಇದರಿಂದ ಕಲಿಯಬೇಕಾದ ಪಾಠಗಳು ಮೂರು. ಮೊದಲನೆಯದು, ಅವಧಿ ಗೊತ್ತುಮಾಡಿ. "ಇನ್ನೆಂದಿಗೂ" ಎಂಬ ಮಾತು ಬೆಟ್ಟದಂತೆ ಕಾಣುತ್ತದೆ, "ಈಸ್ಟರ್ ತನಕ" ಎಂಬುದು ಏರಬಹುದಾದ ಮೆಟ್ಟಿಲು. ಎರಡನೆಯದು, ಹಳೆಯದನ್ನು ಬಿಟ್ಟಾಗ ಖಾಲಿಯಾಗುವ ಹೊತ್ತನ್ನು ಬೇರೊಂದರಿಂದ ತುಂಬಿಸಿ. ಮೂರನೆಯದು, ಶೋಧನೆಯ ದಾರಿಯನ್ನೇ ಬದಲಿಸಿ. ಸಂಬಳದ ದಿನ ಅಂಗಡಿಯ ಮುಂದಿನಿಂದ ಬರುವವರು ಬೇರೆ ಓಣಿ ಹಿಡಿದು ಬರಲಿ; ಸಂಬಳ ಮನೆಯವರ ಕೈಗೆ ನೇರವಾಗಿ ಸೇರುವ ಏರ್ಪಾಡಾಗಲಿ.

ಒಂದು ಎಚ್ಚರಿಕೆಯ ಮಾತೂ ಉಂಟು. ಬಹು ವರ್ಷಗಳಿಂದ ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಕ, ಫಿಟ್ಸ್, ಭ್ರಮೆ ಉಂಟಾಗಿ ಪ್ರಾಣಕ್ಕೆ ಅಪಾಯವಾಗಬಹುದು. ಅಂಥವರು ವೈದ್ಯರ ಸಲಹೆಯಂತೆಯೇ ನಿಲ್ಲಿಸಬೇಕು. ನಮ್ಮ ಧಾರವಾಡದಲ್ಲೇ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ಡಿಮ್ಹಾನ್ಸ್, ಇದೆ. ಅಲ್ಲಿಗೆ ಹೋಗುವುದು ನಾಚಿಕೆಯಲ್ಲ. 1935ರಲ್ಲಿ ಅಮೆರಿಕದಲ್ಲಿ ಆರಂಭವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಬಳಗದವರೂ ಇದೇ ದಾರಿಯಲ್ಲಿ ನಡೆಯುತ್ತಾರೆ: ಇಂದಿನ ಒಂದು ದಿನ ಕುಡಿಯದಿರುವುದು, ನಾಳೆಯದನ್ನು ನಾಳೆ ನೋಡಿಕೊಳ್ಳುವುದು.

ಕುಂದಗೋಳದ ರೈಲು

ದೂರದ ಡಬ್ಲಿನ್ನಿನಿಂದ ನಮ್ಮ ಊರಿಗೇ ಬರೋಣ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ನೆಲೆಸಿದ ಗಂಗೂಬಾಯಿ ಹಾನಗಲ್ ಅವರ ಹೆಸರು ತಿಳಿಯದವರಿಲ್ಲ. ಅವರಿಗೆ ಶಾಲೆಯ ಓದು ಹೆಚ್ಚು ದೊರೆಯಲಿಲ್ಲ. ಹತ್ತೊಂಬತ್ತರ ಸುಮಾರಿಗೇ ತಾಯಿಯನ್ನು ಕಳೆದುಕೊಂಡರು. ಸಂಸಾರದ ಭಾರ, ಹಣದ ಅಡಚಣೆ ಎರಡೂ ಇದ್ದವು. ಇವುಗಳ ನಡುವೆ 1930ರ ದಶಕದ ಕೊನೆಯಲ್ಲಿ ಸವಾಯಿ ಗಂಧರ್ವರಲ್ಲಿ ಕ್ರಮವಾಗಿ ಕಲಿಯಲು ತೊಡಗಿದರು. ಗುರುಗಳಿದ್ದುದು ಕುಂದಗೋಳದಲ್ಲಿ. ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ, ಪಾಠ ಮುಗಿಸಿ, ರಾತ್ರಿ ರೈಲಿನಲ್ಲೇ ಮರಳುತ್ತಿದ್ದರು. ಆಗ ಅಲ್ಲಿ ಶಿಷ್ಯರಾಗಿದ್ದ ಭೀಮಸೇನ ಜೋಶಿಯವರು ಅವರನ್ನು ನಿಲ್ದಾಣದವರೆಗೆ ಕಳಿಸಿಬರುತ್ತಿದ್ದರು.

ಗುರುಗಳು ಅವರಿಗೆ ನೂರಾರು ರಾಗಗಳನ್ನು ಹೇಳಿಕೊಡಲಿಲ್ಲ. ಕೆಲವೇ ರಾಗಗಳು, ಒಂದೊಂದು ಸ್ವರಸಮೂಹವನ್ನು ಮತ್ತೆ ಮತ್ತೆ ತಿದ್ದಿ ತಿದ್ದಿ ಹಾಡಿಸುವುದು. ಗಂಟಲಿನ ಚಿಕಿತ್ಸೆಯ ನಂತರ ಅವರ ಧ್ವನಿ ಗಡುಸಾಯಿತು. ಹೋದ ಧ್ವನಿಗಾಗಿ ಹಾಡು ನಿಲ್ಲಿಸಲಿಲ್ಲ. ಉಳಿದ ಧ್ವನಿಯಲ್ಲೇ ಹಾಡಿದರು. ಆ ಧ್ವನಿಯೇ ಅವರ ಗುರುತಾಯಿತು. 2002ರಲ್ಲಿ ಪದ್ಮವಿಭೂಷಣ ಬಂತು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡಾಗ ಅವರಿಗೆ 96 ವರ್ಷ.

ಧಾರವಾಡದ ಕಿಟೆಲ್ ಕಾಲೇಜು ಯಾರ ಹೆಸರಿನದೆಂದು ನಮ್ಮ ಮಕ್ಕಳಿಗೆ ಹೇಳಿದ್ದೇವೆಯೇ? ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಧಾರವಾಡಕ್ಕೆ ಬಂದ ಜರ್ಮನ್ ತರುಣ. ಆಗ ಅವರಿಗೆ 21 ವರ್ಷ. ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಗಿ ಹೊರಬಂದದ್ದು 1894ರಲ್ಲಿ, ನಾಲ್ವತ್ತೊಂದು ವರ್ಷಗಳ ನಂತರ. ಸುಮಾರು 70,000 ಶಬ್ದಗಳು. ನಡುವೆ ಆರೋಗ್ಯ ಕೆಟ್ಟು ಸ್ವದೇಶಕ್ಕೆ ಹೋಗಿದ್ದರೂ, ಐವತ್ತು ದಾಟಿದ ಮೇಲೆ ಈ ಕೆಲಸ ಮುಗಿಸಲೆಂದೇ 1883ರಲ್ಲಿ ಮತ್ತೆ ಬಂದರು. ಅವರು ನಮ್ಮ ಧರ್ಮಸಭೆಯವರಲ್ಲ. ಆದರೆ ಕ್ರಿಸ್ತನಲ್ಲಿ ನಮ್ಮ ಸಹೋದರರು. ಎಪ್ಪತ್ತು ಸಾವಿರ ಶಬ್ದಗಳನ್ನು ಒಂದೇ ದಿನ ಯಾರೂ ಬರೆಯಲಾರರು. ಒಂದು ಶಬ್ದವನ್ನು ಯಾರೂ ಬರೆಯಬಹುದು. ಹನಿ ಹನಿ ಕೂಡಿದರೆ ಹಳ್ಳ ಎಂದು ಹಿರಿಯರು ಹೇಳಿದ್ದು ಇದನ್ನೇ.

ದಿನಕ್ಕೆ ಎರಡು ಗೆರೆ

ಹಾಗಾದರೆ ನಮ್ಮ ಸಂಕಲ್ಪವನ್ನು ದಿನದಿನ ಪರೀಕ್ಷಿಸುವ ಬಗೆ ಯಾವುದು? ಯೇಸುಸಭೆಯ ಸ್ಥಾಪಕರಾದ ಸಂತ ಲೊಯೋಲದ ಇಗ್ನಾಸಿಯವರು ತಮ್ಮ ಆಧ್ಯಾತ್ಮಿಕ ಸಾಧನೆಗಳ ಪುಸ್ತಕದಲ್ಲಿ ಬಹಳ ಸರಳವಾದ ಒಂದು ಕ್ರಮವನ್ನು ತೋರಿಸಿದ್ದಾರೆ. 1548ರಲ್ಲಿ ಜಗದ್ಗುರುಗಳ ಅನುಮೋದನೆ ಪಡೆದ ಪುಸ್ತಕ ಅದು. ಕ್ರಮ ಹೀಗಿದೆ:

1. ಒಂದೇ ದೋಷವನ್ನು ಆರಿಸಿಕೊಳ್ಳಿ. ಹತ್ತನ್ನಲ್ಲ. ಉದಾಹರಣೆಗೆ, ಮಕ್ಕಳ ಮೇಲೆ ಕೂಗಾಡುವುದು.

2. ಬೆಳಿಗ್ಗೆ ಎದ್ದ ಕೂಡಲೇ, ಇಂದು ಇದರಿಂದ ಎಚ್ಚರವಾಗಿರುತ್ತೇನೆಂದು ನಿಶ್ಚಯಿಸಿ.

3. ಮಧ್ಯಾಹ್ನದ ಊಟದ ನಂತರ, ಬೆಳಗಿನಿಂದ ಎಷ್ಟು ಸಲ ತಪ್ಪಿದೆನೆಂದು ಗಂಟೆ ಗಂಟೆಯಾಗಿ ನೆನೆಯಿರಿ. ಆ ದಿನಕ್ಕೆ ಎಳೆದ ಮೊದಲ ಗೆರೆಯ ಮೇಲೆ ಅಷ್ಟು ಚುಕ್ಕೆ ಇಡಿ.

4. ರಾತ್ರಿ ಊಟದ ನಂತರ ಹಾಗೆಯೇ ನೆನೆದು ಎರಡನೆಯ ಗೆರೆಯ ಮೇಲೆ ಚುಕ್ಕೆ ಇಡಿ.

5. ಎರಡನೆಯ ಗೆರೆಯನ್ನು ಮೊದಲನೆಯದರೊಂದಿಗೆ, ಇಂದನ್ನು ನಿನ್ನೆಯೊಂದಿಗೆ, ಈ ವಾರವನ್ನು ಹೋದ ವಾರದೊಂದಿಗೆ ಹೋಲಿಸಿ ನೋಡಿ.

ತಪ್ಪಿದ ಕ್ಷಣದಲ್ಲೇ ಎದೆಯ ಮೇಲೆ ಕೈ ಇಟ್ಟು ದುಃಖಪಡಿರೆಂದೂ ಅವರು ಹೇಳುತ್ತಾರೆ. ನಾಲ್ಕು ಜನರ ನಡುವೆಯೂ ಯಾರ ಗಮನಕ್ಕೂ ಬಾರದಂತೆ ಇದನ್ನು ಮಾಡಬಹುದು. ಚುಕ್ಕೆ ಒಮ್ಮೆಲೇ ಸೊನ್ನೆಯಾಗಬೇಕೆಂದು ಅವರು ಬಯಸಲಿಲ್ಲ. ಕಡಿಮೆಯಾಗುತ್ತಿದೆಯೇ ಎಂದು ನೋಡಲು ಹೇಳಿದರು. ಎಂಟು ಆರಾಗಿದ್ದರೆ ದೇವರಿಗೆ ಸ್ತೋತ್ರ ಹೇಳಿ. ಎಂಟು ಒಂಬತ್ತಾಗಿದ್ದರೆ, ಯಾವ ಹೊತ್ತಿನಲ್ಲಿ, ಯಾವ ಕಾರಣಕ್ಕೆ ಎಂದು ಹುಡುಕಿ. ಹಸಿವೆಯೋ? ನಿದ್ದೆಗೇಡೋ? ಬೇಸತ್ತು ಸಾವನ್ನು ಬೇಡಿದ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ, ಮಲಗಲು ಬಿಟ್ಟ, ಮತ್ತೆ ಎಬ್ಬಿಸಿ ಉಣ್ಣಿಸಿದ (1 ಅರಸರು 19:4-8). ಎಷ್ಟೋ ಸಂಕಲ್ಪಗಳು ಪಾಪದಿಂದಲ್ಲ, ಬರಿಯ ದಣಿವಿನಿಂದ ಮುರಿಯುತ್ತವೆ.

ಗುರಿ ಬದಲಿಸಬೇಕಾದಾಗ

ಹಿಡಿದ ಗುರಿಯನ್ನು ಎಂದೂ ಬದಲಿಸಬಾರದೇ? ಇದಕ್ಕೂ ಇಗ್ನಾಸಿಯವರ ಬದುಕೇ ಉತ್ತರ. 1523ರಲ್ಲಿ ಅವರು ಯೆರೂಸಲೇಮಿಗೆ ಹೋಗಿ ಅಲ್ಲೇ ನೆಲೆಸಬೇಕೆಂದಿದ್ದರು. ಅಲ್ಲಿನ ಪವಿತ್ರ ಸ್ಥಳಗಳ ಹೊಣೆ ಹೊತ್ತಿದ್ದ ಫ್ರಾನ್ಸಿಸ್ಕನ್ ಅಧಿಕಾರಿಗಳು ಒಪ್ಪದೆ ಹಿಂದಕ್ಕೆ ಕಳಿಸಿದರು. ಮೂವತ್ತು ದಾಟಿದ ಆ ಹಳೆಯ ಸೈನಿಕ ಬಾರ್ಸಿಲೋನದಲ್ಲಿ ಚಿಕ್ಕ ಹುಡುಗರೊಂದಿಗೆ ಕುಳಿತು ಲ್ಯಾಟಿನ್ ವ್ಯಾಕರಣ ಕಲಿತರು. ಆತ್ಮಗಳಿಗೆ ನೆರವಾಗಬೇಕೆಂಬ ಗುರಿ ಉಳಿಯಿತು, ದಾರಿ ಬದಲಾಯಿತು.

1534ರ ಆಗಸ್ಟ್ 15ರಂದು ಪ್ಯಾರಿಸ್ಸಿನಲ್ಲಿ ಅವರೂ ಆರು ಸಂಗಡಿಗರೂ ಯೆರೂಸಲೇಮಿಗೆ ಹೋಗುವ ವ್ರತ ತೊಟ್ಟರು. ಆ ವ್ರತದಲ್ಲೇ ಇನ್ನೊಂದು ಮಾತು ಸೇರಿತ್ತು: ಒಂದು ವರ್ಷ ಕಾದರೂ ಹೋಗಲಾಗದಿದ್ದರೆ ಜಗದ್ಗುರುಗಳು ಹೇಳಿದ ಕಡೆ ಹೋಗುತ್ತೇವೆ. ವೆನಿಸ್ಸಿನಲ್ಲಿ ಕಾದರು. ಯುದ್ಧದ ಕಾರಣ ಹಡಗು ಹೊರಡಲಿಲ್ಲ. ಮಾತಿನಂತೆ ರೋಮಿಗೆ ಹೋದರು. ಆ ಸಂಗಡಿಗರಲ್ಲಿ ಒಬ್ಬರು ಸಂತ ಫ್ರಾನ್ಸಿಸ್ ಕ್ಸೇವಿಯರ್. 1542ರ ಮೇ 6ರಂದು ಅವರು ಗೋವೆಯಲ್ಲಿ ಇಳಿದರು. ಹಳೆಯ ಗೋವೆಗೆ ಯಾತ್ರೆ ಹೋಗುವ ಹುಬ್ಬಳ್ಳಿ-ಧಾರವಾಡದ ಕುಟುಂಬಗಳು ಇದನ್ನು ನೆನೆಯಬೇಕು. ಯೆರೂಸಲೇಮಿನ ಹಡಗು ಹೊರಡದ್ದರಿಂದ ತೆರೆದ ದಾರಿಯಲ್ಲಿ ನಮ್ಮ ನೆರೆಯ ನಾಡಿಗೆ ಆ ಸಂತರು ಬಂದರು.

ಆದರೆ ಬದಲಿಸುವುದಕ್ಕೂ ಒಂದು ನಿಯಮವಿದೆ. ಮನಸ್ಸು ಕುಗ್ಗಿ ಕತ್ತಲಾಗಿರುವಾಗ ಹಿಂದಿನ ನಿರ್ಧಾರವನ್ನು ಬದಲಿಸಬೇಡಿ ಎಂದು ಇಗ್ನಾಸಿಯವರು ಬೋಧಿಸಿದರು. ಸೋತ ರಾತ್ರಿಯೇ ಬಿಟ್ಟುಬಿಡಬೇಡಿ. ಮನಸ್ಸು ತಿಳಿಯಾದಾಗ, ಪ್ರಾರ್ಥನೆ ಮಾಡಿ, ಗುರುಗಳನ್ನೋ ಮನೆಯವರನ್ನೋ ಕೇಳಿ ನಿರ್ಧರಿಸಿ.

ಮನೆಯ ಸಾಲಕ್ಕೊಂದು ಲೆಕ್ಕ

ಗೋಪುರದ ಸಾಮತಿಯನ್ನು ಮನೆಯ ಖರ್ಚಿಗೇ ಹಚ್ಚಿ ನೋಡೋಣ. ಒಂದು ಕುಟುಂಬಕ್ಕೆ ತಿಂಗಳಿಗೆ 20,000 ರೂಪಾಯಿ ಆದಾಯ, ಮಗಳ ಮದುವೆಯಿಂದ 60,000 ರೂಪಾಯಿ ಸಾಲ ಎಂದಿಟ್ಟುಕೊಳ್ಳಿ. "ಒಂದ ವರ್ಷದಾಗ ಹರಕೋತೀನಿ" ಎಂದರೆ ಬಡ್ಡಿ ಬಿಟ್ಟು ತಿಂಗಳಿಗೆ 5,000 ಬೇಕು. ಈಗ ಕುಳಿತು ಬರೆಯಿರಿ. ಬಾಡಿಗೆ 5,000, ದಿನಸಿ, ಹಾಲು, ಗ್ಯಾಸ್ 8,000, ಶಾಲೆ, ಬಸ್ಸು 2,500, ಔಷಧಿ, ಕರೆಂಟು, ಫೋನು 2,000. ಒಟ್ಟು 17,500. ಉಳಿಯುವುದು 2,500. ಅದರಲ್ಲಿ 500 ಕಷ್ಟಕಾಲಕ್ಕೆಂದು ತೆಗೆದಿಟ್ಟರೆ ಸಾಲಕ್ಕೆ ಸಿಗುವುದು 2,000.

ಸಾಲ ಖಾಸಗಿಯವರದಾಗಿ, ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಯಾದರೆ, ಮೊದಲ ತಿಂಗಳ ಬಡ್ಡಿಯೇ 1,800. ಕೊಟ್ಟ 2,000ದಲ್ಲಿ ಅಸಲಿಗೆ ಹೋಗುವುದು 200 ಮಾತ್ರ. ಸಾಲ ತೀರಲು ಸುಮಾರು ಆರೂವರೆ ವರ್ಷ ಬೇಕು! ಅದೇ ಸಾಲವನ್ನು ಸಹಕಾರ ಸಂಘಕ್ಕೋ ಬ್ಯಾಂಕಿಗೋ ವರ್ಗಾಯಿಸಿ, ವರ್ಷಕ್ಕೆ ನೂರಕ್ಕೆ ಹನ್ನೆರಡರ ಬಡ್ಡಿ ಸಿಕ್ಕರೆ ಮೊದಲ ತಿಂಗಳ ಬಡ್ಡಿ 600. ಅದೇ 2,000 ಕಟ್ಟುತ್ತ ಹೋದರೆ ಮೂರು ವರ್ಷಕ್ಕೆ ಸಾಲ ಮುಗಿಯುತ್ತದೆ.

ಲೆಕ್ಕ ಹಾಕಿದಾಗ ಗುರಿಯೇ ಬದಲಾದದ್ದನ್ನು ನೋಡಿದಿರಾ? ಈ ಕುಟುಂಬದ ಮೊದಲ ಗುರಿ ಹೆಚ್ಚು ದುಡಿಯುವುದಲ್ಲ, ಊಟ ಕಡಿಮೆ ಮಾಡುವುದೂ ಅಲ್ಲ. ಬಡ್ಡಿಯನ್ನು ಇಳಿಸುವುದು. ಅದು ಒಂದು ವರ್ಷದ ಗುರಿಯಲ್ಲ, ಮೂರು ವರ್ಷದ್ದು. ಗಂಡ ಹೆಂಡತಿ ಇಬ್ಬರೂ ಜೊತೆಗೆ ಕುಳಿತರೆ ಮಾತ್ರ ಈ ಲೆಕ್ಕ ಸರಿಯಾಗುತ್ತದೆ. ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರು ಮಾಡಿದ ಸಾಲ ಬಚ್ಚಿಟ್ಟಿದ್ದರೆ ಯಾವ ಲೆಕ್ಕವೂ ಕೂಡುವುದಿಲ್ಲ.

ಪ್ರಾರ್ಥನೆಗೂ ಇದೇ ಅಳತೆ. ಕುಟುಂಬ ಪ್ರಾರ್ಥನೆ ನಿಂತುಹೋಗಿರುವ ಮನೆಯಲ್ಲಿ ನಾಳೆಯಿಂದಲೇ ಐವತ್ತಮೂರು ಮಣಿ ಜಪಸರ ಎಂದರೆ ನಾಲ್ಕನೆಯ ದಿನ ಮಕ್ಕಳು ತಪ್ಪಿಸಿಕೊಳ್ಳುತ್ತಾರೆ. ಹತ್ತು ಮಣಿಯ ಒಂದೇ ರಹಸ್ಯದಿಂದ ತೊಡಗಿ, ಆದರೆ ದಿನಾ ಮಾಡಿ. ಬೈಬಲ್ ಓದಬೇಕೆಂಬ ಆಸೆಯಿದ್ದರೆ, ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯಗಳಿವೆ. ವಾರಕ್ಕೆ ಐದು ದಿನ ಒಂದೊಂದು ಅಧ್ಯಾಯ ಓದಿದರೆ 52 ವಾರಗಳಲ್ಲಿ ಮುಗಿಯುತ್ತದೆ. ವಾರದಲ್ಲಿ ಎರಡು ದಿನ ತಪ್ಪಿದರೂ ಗಾಬರಿಯಿಲ್ಲ. ಮರುಭೂಮಿಯಲ್ಲಿ ಇಸ್ರಯೇಲರಿಗೆ ಮನ್ನಾ ದೊರೆತದ್ದೂ ಅಂದಂದಿನ ಅಳತೆಗೆ. ದುರಾಸೆಯಿಂದ ಮರುದಿನಕ್ಕೆ ಇಟ್ಟದ್ದು ಹುಳು ಬಿತ್ತು (ವಿಮೋಚನಾಕಾಂಡ 16).

ಮಕ್ಕಳ ಹೆಗಲ ಮೇಲೆ ನಮ್ಮ ಗೋಪುರ

ಧಾರವಾಡ ವಿದ್ಯಾಕಾಶಿ ಎನ್ನಿಸಿಕೊಂಡ ಊರು. ಎಸ್ಸೆಸ್ಸೆಲ್ಸಿ, ಪಿಯುಸಿ, ಕೋಚಿಂಗ್ ಕ್ಲಾಸು ಎಂದು ಮಕ್ಕಳು ಮುಂಜಾನೆಯಿಂದ ರಾತ್ರಿಯವರೆಗೆ ಓಡುತ್ತಾರೆ. ತಂದೆತಾಯಿಗಳೇ, ಒಂದು ಪ್ರಶ್ನೆ: ಆ ಗುರಿ ಯಾರದು? ಮಗುವಿನದೋ, ನಮ್ಮದೋ? ನಾವು ಕಟ್ಟಲಾಗದ ಗೋಪುರವನ್ನು ಮಗುವಿನ ಹೆಗಲ ಮೇಲೆ ಕಟ್ಟಲು ಹೊರಟರೆ ಕುಸಿಯುವುದು ಗೋಪುರ ಮಾತ್ರವಲ್ಲ. ಅರವತ್ತು ಅಂಕ ಪಡೆಯುವ ಮಗುವಿಗೆ ತೊಂಬತ್ತೈದರ ಗುರಿ ಕೊಟ್ಟು ಮಾತು ಬಿಟ್ಟರೆ, ಆ ಮಗು ಅಂಕದ ಜೊತೆ ಮನೆಯನ್ನೂ ಕಳೆದುಕೊಳ್ಳುತ್ತದೆ. ಅರವತ್ತೆಂಟರ ಗುರಿಯನ್ನು ಮಗುವಿನೊಡನೆ ಕುಳಿತು ಗೊತ್ತುಮಾಡಿ. ಏನೇ ಫಲಿತಾಂಶ ಬರಲಿ, ಅಂದಿನ ಊಟ ಎಂದಿನಂತೆ ಒಟ್ಟಿಗೇ ಆಗುವುದೆಂದು ಮೊದಲೇ ಬಾಯಿಬಿಟ್ಟು ಹೇಳಿ. ನಜರೇತಿನ ಮನೆಯಲ್ಲಿ ಯೇಸು ಜ್ಞಾನದಲ್ಲಿಯೂ ವಯಸ್ಸಿನಲ್ಲಿಯೂ ಬೆಳೆಯುತ್ತ ಹೋದರೆಂದು ಲೂಕ ಬರೆಯುತ್ತಾನೆ (ಲೂಕ 2:52). ದೇವಪುತ್ರನಿಗೂ ಬೆಳೆಯಲು ವರ್ಷಗಳು ಬೇಕಾದವು.

ಬಿದ್ದಾಗ

ಇಷ್ಟೆಲ್ಲ ಮಾಡಿದರೂ ಒಂದು ದಿನ ಬೀಳುತ್ತೇವೆ. ನೀತಿವಂತನೂ ಏಳು ಸಲ ಬಿದ್ದು ಮತ್ತೆ ಏಳುತ್ತಾನೆಂದು ಜ್ಞಾನೋಕ್ತಿಗಳ ಗ್ರಂಥ ಹೇಳುತ್ತದೆ (24:16). ಒಂದು ದಿನ ತಪ್ಪಿದ್ದು ಒಂದು ದಿನದ ಸೋಲು ಮಾತ್ರ. "ಹೆಂಗೂ ಕೆಟ್ಟಿತು, ಇನ್ನ ಮುಂದಿನ ವರ್ಷ ನೋಡೂಣು" ಎನ್ನುವ ಮಾತೇ ಅದನ್ನು ವರ್ಷದ ಸೋಲಾಗಿ ಮಾಡುತ್ತದೆ. ತಪ್ಪಿದ ಮರುದಿನವೇ ಆರಂಭಿಸಿ. ಪಾಪನಿವೇದನೆಯ ಸಂಸ್ಕಾರವನ್ನು ಪ್ರಭು ನಮಗೆ ಕೊಟ್ಟದ್ದು ಒಮ್ಮೆಗಲ್ಲ, ಬಾಳಿನುದ್ದಕ್ಕೂ. ಅದೇ ಪಾಪವನ್ನು ಮತ್ತೆ ಹೇಳಲು ನಾಚಬೇಡಿ. ಅದೇ ಗಾಯಕ್ಕೆ ಮತ್ತೆ ಮುಲಾಮು ಹಚ್ಚುವ ವೈದ್ಯನ ಮುಂದೆ ನಾಚಿಕೆ ಏಕೆ? ಮನೆಯವರಿಗೂ ಒಂದು ಮಾತು: ಎದ್ದು ನಿಲ್ಲಲು ಯತ್ನಿಸುವವರಿಗೆ ಹಳೆಯ ಸೋಲುಗಳ ಪಟ್ಟಿ ಓದಬೇಡಿ. ಸರೋವರದ ದಡದಲ್ಲಿ ಸ್ವಾಮಿ ಪೇತ್ರನಿಗೆ ಅದನ್ನು ಓದಲಿಲ್ಲ.

ಕುಟುಂಬದಲ್ಲಿ ಚಿಂತನೆಗೆ

1. ಕಳೆದ ವರ್ಷ ನಾವು ಮಾಡಿದ ಯಾವ ಸಂಕಲ್ಪ ನಿಂತಿತು? ಯಾವುದು ನಿಲ್ಲಲಿಲ್ಲ? ಅದಕ್ಕಾಗಿ ಬಿಡಬೇಕಾದದ್ದನ್ನು ನಾವು ಲೆಕ್ಕ ಹಾಕಿದ್ದೆವೆಯೇ?

2. ಈಗ ನನ್ನ ಮುಂದಿರುವ ಗುರಿಯನ್ನು ಮೂರು ತಿಂಗಳಿಗೆ ತಕ್ಕಂತೆ ಹೇಗೆ ಹೇಳಬಹುದು?

3. ನಮ್ಮ ಮನೆಯಲ್ಲಿ ಎದ್ದು ನಿಲ್ಲಲು ಹೆಣಗುತ್ತಿರುವವರು ಯಾರು? ಈ ವಾರ ಅವರಿಗೆ ನಾನು ಯಾವ ಒಂದು ನೆರವು ಕೊಡಬಲ್ಲೆ?

ಈ ವಾರದ ಕಾರ್ಯ: ಭಾನುವಾರ ಪೂಜೆಯಿಂದ ಬಂದ ಮೇಲೆ ಎಲ್ಲರೂ ಒಟ್ಟಿಗೆ ಕುಳಿತು, ಪ್ರತಿಯೊಬ್ಬರೂ ಒಂದೇ ಒಂದು ಸಂಕಲ್ಪವನ್ನು ಚೀಟಿಯಲ್ಲಿ ಬರೆಯಲಿ. ಯಾವ ದಿನದಿಂದ, ಯಾವ ದಿನದವರೆಗೆ, ದಿನದ ಯಾವ ಹೊತ್ತಿನಲ್ಲಿ ಎಂಬುದೂ ಇರಲಿ. ಚೀಟಿಗಳನ್ನು ಮನೆಯ ಪೀಠದ ಮೇಲೆ ಶಿಲುಬೆಯ ಕೆಳಗೆ ಇಡಿ. ಮುಂದಿನ ಭಾನುವಾರ ತೆಗೆದು ಓದಿ. ಯಾರೂ ಯಾರನ್ನೂ ನಗಬಾರದು.

ಪ್ರಾರ್ಥನೆ: ಪ್ರಭುವೇ, ನಮ್ಮ ಬಲ ಎಷ್ಟೆಂದು ನಮಗಿಂತ ನೀವೇ ಚೆನ್ನಾಗಿ ಬಲ್ಲಿರಿ. ಆರಂಭಿಸಲು ಧೈರ್ಯವನ್ನೂ, ಲೆಕ್ಕ ಹಾಕಲು ವಿವೇಕವನ್ನೂ, ಬಿದ್ದಾಗ ಎದ್ದು ನಿಲ್ಲಲು ದೀನತೆಯನ್ನೂ ಕೊಡಿರಿ. ಇಂದಿನ ಕೆಲಸವನ್ನು ಇಂದು ಮಾಡಿ, ನಾಳೆಯನ್ನು ನಿಮ್ಮ ಕೈಗೆ ಒಪ್ಪಿಸುವ ಮನಸ್ಸು ನಮ್ಮ ಕುಟುಂಬಕ್ಕೆ ದಯಪಾಲಿಸಿರಿ. ಆಮೆನ್.